ದೈತ್ಯನಿಗೆ ಪುಟ್ಟ ಕೊಳಲು

ಪಾಶ್ಚಾತ್ಯ ಸಂಗೀತದ ಕಛೇರಿ ಅಂದಕೂಡಲೆ ನಮ್ಮಲ್ಲಿ ಅನೇಕರು ಹೇಳುವ ಮಾತು: "ಹಾಡಿನ ಪದ ಒಂದೂ ಕಿವಿಗೆ ಹತ್ತೋದಿಲ್ಲ ಮಾರಾಯ." ಒಪ್ಪೋಣ. ಎಳೆದೆಳೆದು ಹಾಡುವಾಗ ಇಂಗ್ಲಿಷರಿಗೂ ತಮ್ಮ ಇಂಗ್ಲಿಷ್ ಅರ್ಧಂಬರ್ಧವೇ ತಿಳಿಯುವುದು. ಆದರೆ ಹ್ಯಾಂಡೆಲನ 'ಏಸಿಸ್ ಅಂಡ್ ಗ್ಯಾಲಟಿಯಾ' ಎಂಬ ಕೃತಿಯನ್ನು ಪದಗಳ ಹಂಗಿಲ್ಲದೆ, ವಾದ್ಯಗಳ ಬೆನ್ನು ಹಿಡಿದೇ ಕೇಳಬಹುದು. ಕಥೆ ಮೊದಲೇ ಗೊತ್ತಿದ್ದರೆ ಸಾಕು. ಹರಿಕಥೆಗೆ ಹೋಗುವವರಿಗೂ ಕಥೆ ಗೊತ್ತಿರುತ್ತದಲ್ಲವೆ?

ಕಥೆ ರೋಮಿನ ಕವಿ ಓವಿಡನ 'ಮೆಟಮಾರ್ಫಸಿಸ್' ಕಾವ್ಯದ 13ನೇ ಭಾಗದ್ದು. ನಡೆಯುವುದು ಸಿಸಿಲಿ ದ್ವೀಪದಲ್ಲಿ, ಎಟ್ನಾ ಜ್ವಾಲಾಮುಖಿಯ ಆಸುಪಾಸಿನಲ್ಲಿ. ಗ್ಯಾಲಟಿಯಾ ಸಮುದ್ರಕನ್ಯೆ, ಸಾವಿಲ್ಲದವಳು. ಏಸಿಸ್ ಹದಿನಾರರ ಹುಡುಗ, ಸಾಯುವವನು. ಇಬ್ಬರಿಗೂ ಪ್ರೀತಿ. ಅದೇ ಗ್ಯಾಲಟಿಯಾಳ ಮೇಲೆ ಪಾಲಿಫೀಮಸ್ ಎಂಬ ಒಕ್ಕಣ್ಣಿನ ದೈತ್ಯನಿಗೂ ಮನಸ್ಸು. ಅವನು ಹೊಟ್ಟೆಕಿಚ್ಚಿನಿಂದ ಬಂಡೆ ಎತ್ತಿ ಹುಡುಗನ ಮೇಲೆ ಹಾಕುತ್ತಾನೆ. ಸತ್ತವನನ್ನು ಗ್ಯಾಲಟಿಯಾ ನದಿಯಾಗಿ ಹರಿಸುತ್ತಾಳೆ. ಅಲ್ಲಿನ ಆಚಿರಿಯಾಲೆ, ಆಚಿ ಕಸ್ತೆಲ್ಲೊ ಮುಂತಾದ ಊರುಗಳ ಹೆಸರಿನಲ್ಲಿ ಇಂದಿಗೂ ಇರುವ 'ಆಚಿ' ಈ ಏಸಿಸನೇ.

ಹ್ಯಾಂಡೆಲ್ ಹುಟ್ಟಿದ್ದು ಜರ್ಮನಿಯಲ್ಲಿ, 1685ರಲ್ಲಿ. ಇದೇ ಕಥೆಯನ್ನು 1708ರಲ್ಲಿ ನೇಪಲ್ಸಿನ ಒಂದು ಮದುವೆಗೆಂದು ಇಟಾಲಿಯನ್ ಭಾಷೆಯಲ್ಲಿ ಮಾಡಿದ್ದ. 1718ರಲ್ಲಿ ಲಂಡನ್ನಿಗೆ ಹತ್ತಿರದ ಕ್ಯಾನನ್ಸ್ ಎಂಬ ಬಂಗಲೆಯಲ್ಲಿ ಹೊಸದಾಗಿ ಇಂಗ್ಲಿಷಿನಲ್ಲಿ ಮಾಡಿದ. ಪದ್ಯ ಬಹುಪಾಲು ಜಾನ್ ಗೇ ಕವಿಯದು. ಬಂಗಲೆಯ ಧಣಿ ಜೇಮ್ಸ್ ಬ್ರಿಡ್ಜಸ್, 1705ರಿಂದ 1713ರವರೆಗೆ ಹೊರದೇಶದ ಸೈನ್ಯಕ್ಕೆ ಸಂಬಳ ಬಟವಾಡೆ ಮಾಡುವ ಅಧಿಕಾರಿಯಾಗಿದ್ದವನು. ಸರ್ಕಾರದ ದುಡ್ಡು ಕೈ ದಾಟಿ ಹೋಗುವಷ್ಟರಲ್ಲಿ ಅದನ್ನು ಬಂಡವಾಳ ಹೂಡಿ ಭಾರಿ ಶ್ರೀಮಂತನಾದ. 1720ರ ಸೌತ್ ಸೀ ಷೇರು ಕುಸಿತದಲ್ಲಿ ಬಹಳಷ್ಟು ಕಳಕೊಂಡ. (ನಮ್ಮ ಕಾಮರ್ಸಿನವರಿಗೆ ಇಷ್ಟು ಸಾಕು.) ಅವನು ಸತ್ತ ಮೇಲೆ ಬಂಗಲೆಯನ್ನು ಕೆಡವಿ ಕಲ್ಲು-ಮರ ಹರಾಜು ಹಾಕಿದರು.

ಅಂದಿನ ಮೇಳ ಚಿಕ್ಕದು. ಹಾಡುವವರು ಐದೇ ಜನ. ಜೊತೆಗೆ ಕೆಲವು ಪಿಟೀಲು, ಚೆಲ್ಲೊ, ಹಾರ್ಪ್ಸಿಕಾರ್ಡ್ ಮತ್ತು ಎರಡು ಓಬೊ. ಓಬೊ ನಮ್ಮ ಓಲಗದ ಹಾಗೆ ಜೋಡಿ ಪೀಪಿಯ ವಾದ್ಯ, ದನಿ ಮಾತ್ರ ಮೆತ್ತಗೆ. ಓಬೊ ಊದುವವರೇ ಬೇಕಾದಲ್ಲಿ ರೆಕಾರ್ಡರ್ ಎಂಬ ಕೊಳಲನ್ನೂ ಊದುತ್ತಿದ್ದರು. ಅದನ್ನು ಹಿಡಿಯುವುದು ಅಡ್ಡ ಅಲ್ಲ, ನೆಟ್ಟಗೆ. ಇಂದಿಗೂ ಬರೋಕ್ ಮೇಳಗಳು ಇದನ್ನು ಹೆಚ್ಚುಕಡಿಮೆ ಇಷ್ಟೇ ಜನರಿಂದ ನುಡಿಸುತ್ತವೆ. ವೇಷ, ಅಭಿನಯ ಬೇಕಿಲ್ಲ. 1732ರಲ್ಲಿ ಹ್ಯಾಂಡೆಲನ ಅಪ್ಪಣೆಯಿಲ್ಲದೆ ಲಂಡನ್ನಿನಲ್ಲಿ ಯಾರೋ ಇದನ್ನು ರಂಗಕ್ಕೆ ತಂದರು. ಅವನು ತಾನೂ ಪೈಪೋಟಿಗಿಳಿದು, ಇಂಗ್ಲಿಷ್-ಇಟಾಲಿಯನ್ ಎರಡನ್ನೂ ಕಲಸಿ ದೊಡ್ಡದು ಮಾಡಿ ಆಡಿಸಿದ. ಬಂಡೆ, ತೋಪು, ಕಾರಂಜಿಗಳ ಪರದೆ ಇರುತ್ತದೆ, ನಟನೆ ಇರುವುದಿಲ್ಲ ಎಂದು ಮೊದಲೇ ಜಾಹೀರಾತು ಕೊಟ್ಟಿದ್ದ!

ಈಗ ಕೇಳಬೇಕಾದ ಜಾಗಗಳು. ಮೊದಲಿಗೆ ಗ್ಯಾಲಟಿಯಾ ಹಕ್ಕಿಗಳನ್ನು ಸುಮ್ಮನಿರಲು ಬೇಡುತ್ತಾಳೆ, ವಿರಹ ಹೆಚ್ಚುತ್ತದೆಂದು. ಹಕ್ಕಿಯಾಗಿ ಉಲಿಯುವುದು ಅತಿ ಸಣ್ಣ ರೆಕಾರ್ಡರ್. ಆಮೇಲೆ ಪ್ರೇಮಿಗಳು ಸೇರಿ ಕುಣಿಯುವಂಥ ಜೋಡಿಹಾಡು ಹಾಡುತ್ತಾರೆ. ಅದು ಮುಗಿದದ್ದೇ ತಡ, ಮೇಳದ ದನಿ ಭಾರವಾಗುತ್ತದೆ: ದೈತ್ಯ ಬರುತ್ತಿದ್ದಾನೆ. ಬೆಟ್ಟ ನಡುಗುವುದು, ಅವನು ದಾಪುಗಾಲು ಹಾಕುವುದು ಎಲ್ಲ ಸ್ವರದಲ್ಲೇ ಕಾಣುತ್ತದೆ.

ಬಂದವನು ಗುಡುಗುತ್ತಾನೆ. ಸರಿ, ನಂತರ ಪ್ರೇಮಗೀತೆ ಹಾಡಬೇಕಲ್ಲ, ಅದಕ್ಕೆ ಪಕ್ಕವಾದ್ಯ ಏನು ಗೊತ್ತೆ? ಅದೇ ಪುಟ್ಟ ಕೊಳಲು! ಕೆಳಗೆ ಬಾಸ್ ಗಾಯಕನ ಗುಹೆಯಂಥ ಗಂಟಲು, ಮೇಲೆ ಹಕ್ಕಿಯ ಸಿಳ್ಳು. ನಗು ಬಂದೇ ಬರುತ್ತದೆ. ಆದರೆ ಅವನ ಪ್ರೀತಿ ಸುಳ್ಳೆಂದು ಹ್ಯಾಂಡೆಲ್ ಹೇಳುವುದಿಲ್ಲ. ಗ್ಯಾಲಟಿಯಾಳ ಬಯಕೆಗೆ ಉಲಿದ ವಾದ್ಯವನ್ನೇ ಅವನಿಗೂ ಕೊಟ್ಟಿದ್ದಾನೆ. ನನ್ನ ಮಟ್ಟಿಗೆ ಇಡೀ ಕೃತಿಯ ಜೀವ ಇಲ್ಲಿದೆ. ದೈತ್ಯನನ್ನು ನೋಡಿ ನಕ್ಕ ನಾವೇ ಸ್ವಲ್ಪ ಹೊತ್ತಿನಲ್ಲಿ ಬೆಚ್ಚುತ್ತೇವೆ. ಪ್ರೇಮಿಗಳಿಬ್ಬರು ಎಂದೆಂದೂ ಅಗಲುವುದಿಲ್ಲ ಎಂದು ನಿಧಾನವಾಗಿ ಆಣೆಯಿಡುತ್ತಿರುವಾಗ, ಅವರ ರಾಗದ ನಡುವೆಯೇ ದೈತ್ಯ ತನ್ನ ಸಿಟ್ಟನ್ನು ತುರುಕುತ್ತಾನೆ. ಅವರಿಗೆ ಕೇಳಿಸುವುದಿಲ್ಲ, ನಮಗೆ ಕೇಳಿಸುತ್ತದೆ. ಬಂಡೆ ಬೀಳುತ್ತದೆ. ಏಸಿಸನಿಗೆ ಸಾಯುವಾಗ ಹಾಡೂ ಇಲ್ಲ, ಉಸಿರು ಕಡಿದಂತೆ ನಾಲ್ಕು ಮಾತಷ್ಟೆ.

ಮುಂದಿನದು ಶೋಕದ ವೃಂದಗಾನ. 1718ರಲ್ಲಿ ವೃಂದಕ್ಕೆಂದು ಬೇರೆ ಜನ ಇರಲಿಲ್ಲ, ಆ ಐವರೇ ಹಾಡಬೇಕಿತ್ತು. ಹಾಗಾಗಿ ಕೊಂದ ದೈತ್ಯನ ದನಿಯೇ ಅಳುವವರ ಮೇಳಕ್ಕೆ ತಳಸ್ವರ. ಚಿಕ್ಕ ಮೇಳದವರು ಹೀಗೆ ಹಾಡುವಾಗ ಗಮನಿಸಿ, ಮೈ ಜುಂ ಎನ್ನುತ್ತದೆ.

ಗ್ಯಾಲಟಿಯಾ ದೇವತೆಯಾದರೂ ಸತ್ತವನನ್ನು ಹುಡುಗನಾಗಿ ತಿರುಗಿ ತರಲಾರಳು. ತನಗೆ ಸಾವೂ ಇಲ್ಲ. ಓಬೊ ಜೊತೆ ಅವಳು ಅಳುತ್ತಾಳೆ, ಸುತ್ತಲಿನವರು ಸಮಾಧಾನ ಹೇಳುತ್ತಾರೆ. ಕೊನೆಗೆ ನದಿಯಾಗು ಎಂದು ಹಾಡುವಾಗ ಎರಡು ರೆಕಾರ್ಡರ್‌ಗಳು ಮೆಲ್ಲನೆ ಅಲೆಯಲೆಯಾಗಿ ಹರಿಯತೊಡಗುತ್ತವೆ. ಈ ಸಲ ಹಕ್ಕಿಯಲ್ಲ, ನೀರು. ಅವನು ದೇವನಾದನೆಂದು ವೃಂದ ಸಾರುತ್ತದೆ. ದೈತ್ಯನಿಗೆ ಏನು ಶಿಕ್ಷೆಯಾಯಿತು ಅಂತ ಕೇಳಬೇಡಿ. ಬಂಡೆ ಹಾಕಿದ ಮೇಲೆ ಅವನ ಪಾತ್ರಕ್ಕೆ ಒಂದು ಸ್ವರವನ್ನೂ ಹ್ಯಾಂಡೆಲ್ ಬರೆದಿಲ್ಲ.