ಕಾಡಿಗೆ ಬಿಟ್ಟ ಆಮೆಯ ಮೂಗಲ್ಲಿ ಏನಿದೆ?

ಸಕಲೇಶಪುರ: ಇಪ್ಪತ್ತು ಉಗುರಿನ ನಕ್ಷತ್ರ ಆಮೆ ಅಂಗಡಿಯಲ್ಲಿದ್ದರೆ ಗಲ್ಲಾಪೆಟ್ಟಿಗೆ ಬರಿದಾಗದು ಅಂತ ಒಂದು ನಂಬಿಕೆ. ಉಗುರು ಎಣಿಸಿ ಲಕ್ಷಗಟ್ಟಲೆ ಬೆಲೆ ಹೇಳುವ ದಲ್ಲಾಳಿಗಳಿಗೂ ಬರವಿಲ್ಲ. ಲಕ್ಷ್ಮಿ ಬರುತ್ತಾಳೋ ಇಲ್ಲವೋ, ಅರಣ್ಯ ಇಲಾಖೆಯವರಂತೂ ಬರುತ್ತಾರೆ. ಇದನ್ನು ಸಾಕುವುದೂ ಅಪರಾಧ, ಮಾರುವುದೂ ಅಪರಾಧ. 2019ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಬೀಗ ಬಿತ್ತು.

ಕೇಸಿನ ಭಯ ಹುಟ್ಟಿದ ಮೇಲೆ, "ಬಿಸಿಲೆ ಕಾಡಿಗೆ ಬಿಟ್ಟು ಬಂದ್ರಾಯ್ತು ಬಿಡ್ರೀ, ಪುಣ್ಯಾನೂ ಬರುತ್ತೆ" ಅನ್ನಿಸುವುದು ಸಹಜ. ಆಲೂರು ದಾಟಿ ಘಟ್ಟದ ಕಡೆ ಹೊರಟರೆ ಕಾಡಿಗೇನು ಕೊರತೆ? ಎಡವಟ್ಟಾಗುವುದು ಇಲ್ಲೇ.

ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳಿಗೆ 1980ರ ದಶಕದ ಕೊನೆಯಲ್ಲಿ ಮೂಗು ಸೋರುವ ಕಾಯಿಲೆ ಬಡಿಯಿತು. ಕಣ್ಣು ಊದಿ, ಉಸಿರು ಕಟ್ಟಿ, ಮೇವು ಬಿಟ್ಟು ಸೊರಗಿದವು. ಮೈಕೋಪ್ಲಾಸ್ಮಾ ಅಗಾಸಿಜಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣವೆಂದು 1994ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮನೆಯಲ್ಲಿ ಸಾಕಿ, ಬೇಜಾರಾಗಿ ಬಿಟ್ಟುಬಂದ ಆಮೆಗಳೇ ಇದನ್ನು ಹೊತ್ತು ತಂದವು ಎಂಬ ಗುಮಾನಿ ಬಲವಾಗಿತ್ತು.

ಈ ರೋಗಾಣುವಿನ ಜೀನೋಮ್, ಅಂದರೆ ವಂಶವಾಹಿಯ ಇಡೀ ಬರಹವನ್ನು ಓದಿ ಪ್ರಕಟಿಸಿದರು. ಸುಮಾರು 13 ಲಕ್ಷ ಅಕ್ಷರ, ಅಷ್ಟೆ. ಮನುಷ್ಯನದು 300 ಕೋಟಿ. ಇಷ್ಟು ಚಿಕ್ಕ ಬಂಡವಾಳದಲ್ಲಿ ಸಂಸಾರ ನಡೆಯುವುದು ಹೇಗೆ ಸ್ವಾಮಿ? ಕದ್ದು! ಬೇಕಾದ ಎಷ್ಟೋ ಸರಕನ್ನು ತಾನು ತಯಾರಿಸುವ ಗೋಜಿಗೇ ಹೋಗದೆ ಆಮೆಯ ಮೈಯಿಂದಲೇ ಎತ್ತುತ್ತದೆ. ಈ ಜಾತಿಯ ಅಣುಗಳಿಗೆ ಹೊರಗೋಡೆಯೂ ಇಲ್ಲ. ಗೋಡೆ ಕಟ್ಟದಂತೆ ತಡೆದು ಕೊಲ್ಲುವ ಪೆನಿಸಿಲಿನ್ ಇಲ್ಲಿ ನಡೆಯುವುದಿಲ್ಲ.

ಬರಹ ಕೈಗೆ ಸಿಕ್ಕಿದ್ದರಿಂದ ಇನ್ನೊಂದು ಉಪಯೋಗವಿದೆ. ಎರಡು ಊರಿನ ಆಮೆಗಳಲ್ಲಿ ಸಿಕ್ಕ ಅಣುಗಳ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರ ನೆಂಟ ಅಂತ ತಿಳಿಯುತ್ತದೆ. ಒಂದೇ ತಪ್ಪು ಬರೆದ ಹುಡುಗರನ್ನು ನೋಡಿ, ಕಾಪಿ ಹೊಡೆದವರನ್ನು ಮೇಷ್ಟ್ರು ಹಿಡಿಯುವುದಿಲ್ಲವೇ, ಹಾಗೆ.

ಕಷ್ಟವೆಂದರೆ, ಗಟ್ಟಿಮುಟ್ಟಾಗಿ ಕಾಣುವ ಆಮೆಯೂ ಇದನ್ನು ವರ್ಷಗಟ್ಟಲೆ ಹೊತ್ತಿರಬಹುದು. ಮೂಗಿಗೆ ಮೂಗು ತಾಗಿದರೆ ಸಾಕು, ದಾಟುತ್ತದೆ. ನಕ್ಷತ್ರ ಆಮೆ ಬಯಲುಸೀಮೆಯ ಕುರುಚಲು ಕಾಡಿನ ಪ್ರಾಣಿ. ಬಿಸಿಲೆಯ ಮಳೆಯಲ್ಲಿ ಅದು ಬದುಕುವುದೇ ಕಷ್ಟ. ಸಾಯುವ ಮೊದಲು ಪಶ್ಚಿಮ ಘಟ್ಟದ ತಿರುವಾಂಕೂರು ಆಮೆಯಂಥವಕ್ಕೆ ಏನು ಅಂಟಿಸಿ ಹೋಗುತ್ತದೋ, ಬಿಟ್ಟುಬಂದ ಪುಣ್ಯಾತ್ಮರಿಗೆ ಗೊತ್ತಾಗುವ ಬಗೆಯಿಲ್ಲ. ಆಮೆ ಇಟ್ಟುಕೊಂಡವರು ಕಾಡಿನ ದಾರಿ ಬಿಟ್ಟು ಹತ್ತಿರದ ಅರಣ್ಯ ಕಚೇರಿಯ ದಾರಿ ಹಿಡಿಯಬೇಕು. ಮೂಗು ಸೋರುತ್ತಿದ್ದರೆ ಅದನ್ನೂ ಹೇಳಬೇಕು.