ಅನುಕೂಲಸ್ಥರ ಔದಾಸೀನ್ಯ

ನಾಂಪಲ್ಲಿಯ ರೈಲು ನಿಲ್ದಾಣದಿಂದ ಸಾರ್ವಜನಿಕ ಉದ್ಯಾನದ ಕಡೆಗೆ ನಡೆದರೆ ಬಿಳಿಯ ಗುಮ್ಮಟಗಳ ಶಾಸನಸಭಾ ಭವನವು ಕಾಣುತ್ತದೆ. 1913ರಲ್ಲಿ ಪುರಭವನವೆಂದು ಕಟ್ಟಿ ಮುಗಿಸಿದ ಕಟ್ಟಡವಿದು. ಇದರ ಮುಂದೆ ದಿನವೂ ಹಾದುಹೋಗುವ ನಗರವಾಸಿಗಳು ಇದನ್ನು ಇಷ್ಟು ಮರೆತಿರುವುದೇಕೆಂದು ನಾವು ಹಲವು ಸಲ ಯೋಚಿಸಿದ್ದೇವೆ.

ನಿಜಾಮರ ಆಳ್ವಿಕೆಯಲ್ಲಿ ವಯಸ್ಕರೆಲ್ಲರಿಗೂ ಮತಾಧಿಕಾರವಿರಲಿಲ್ಲ. ಜವಾಬ್ದಾರಿ ಸರಕಾರ ಬೇಕೆಂದು ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು 1938ರಲ್ಲಿ ಸತ್ಯಾಗ್ರಹ ಹೂಡಿದಾಗ ಸಂಸ್ಥೆಗೆ ನಿಷೇಧವೂ ಸತ್ಯಾಗ್ರಹಿಗಳಿಗೆ ಸೆರೆಮನೆಯೂ ಪ್ರಾಪ್ತವಾದವು. ಹಾಗೆ ಸೆರೆವಾಸ ಕಂಡ ಸ್ವಾಮಿ ರಾಮಾನಂದ ತೀರ್ಥರು 1952ರ ಮೊದಲ ಮಹಾಚುನಾವಣೆಯಲ್ಲಿ ಗುಲಬರ್ಗದಿಂದ ಲೋಕಸಭೆಗೆ ಆರಿಸಿಬಂದರು. ಗುಲಬರ್ಗ, ರಾಯಚೂರು, ಬೀದರ ಜಿಲ್ಲೆಗಳು ಆಗ ಈ ಹೈದರಾಬಾದಿಗೇ ಸೇರಿದ್ದವು.

ಇನ್ನು ನಮ್ಮ ಕಾಲದ ಮಾತು. 2020ರ ಅಕ್ಟೋಬರ್ 13ರಂದು ಸುರಿದ ಮಹಾವೃಷ್ಟಿಯಿಂದ ನಗರದ ಅನೇಕ ಬಡಾವಣೆಗಳು ಜಲಮಯವಾದವು. ಸರಿಯಾಗಿ ಏಳು ವಾರಗಳ ಬಳಿಕ, ಡಿಸೆಂಬರ್ 1ರಂದು, ನಗರಸಭೆಯ ಚುನಾವಣೆ. ಮತ ಹಾಕಿದವರು ನೂರಕ್ಕೆ 47 ಮಂದಿಯೂ ಆಗಲಿಲ್ಲ! 2023ರ ವಿಧಾನಸಭಾ ಚುನಾವಣೆಯಲ್ಲಿ ತೆಲಂಗಾಣದ ಒಟ್ಟು ಮತದಾನ ನೂರಕ್ಕೆ 70ನ್ನು ಮೀರಿದರೂ ಹೈದರಾಬಾದು ಜಿಲ್ಲೆ 50ನ್ನು ಮುಟ್ಟಲಿಲ್ಲ. ಊರು ಬಿಟ್ಟವರ, ತೀರಿಕೊಂಡವರ ಹೆಸರುಗಳು ಪಟ್ಟಿಯಲ್ಲಿ ಉಳಿದಿರುತ್ತವೆಂಬುದು ನಿಜ. ಬಡವರಲ್ಲಿಯೂ ಮತ ಹಾಕದವರುಂಟು. ಆದರೆ ಇಷ್ಟರಿಂದಲೇ ಇಷ್ಟು ದೊಡ್ಡ ಅಂತರವು ಉಂಟಾಯಿತೆಂದು ನಮಗೆ ತೋರದು.

ಅನುಕೂಲಸ್ಥನ ಬದುಕನ್ನು ನೋಡಿರಿ. ನಲ್ಲಿ ಬತ್ತಿದರೆ ಟ್ಯಾಂಕರು ಬರುತ್ತದೆ, ವಿದ್ಯುತ್ತು ಹೋದರೆ ಜನರೇಟರು ಗುಡುಗುತ್ತದೆ, ಬಾಗಿಲಿಗೆ ಕಾವಲುಗಾರನಿದ್ದಾನೆ. ಸರಕಾರದಿಂದ ಕೇಳಬೇಕಾದುದನ್ನು ಹಣ ಕೊಟ್ಟು ಕೊಂಡವನಿಗೆ ಕೇಳುವ ಅಭ್ಯಾಸವೇ ತಪ್ಪಿಹೋಗುತ್ತದೆ. ಮತದಾನದ ರಜೆ ಅವನಿಗೆ ವಿಶ್ರಾಂತಿಯ ದಿನ. "ಎಲ್ಲರೂ ಒಂದೇ, ಯಾರು ಬಂದರೇನು?" ಎಂಬ ಮಾತನ್ನು ವಿದ್ಯಾವಂತರ ಬಾಯಿಂದಲೇ ನಾವು ಹೆಚ್ಚಾಗಿ ಕೇಳಿದ್ದೇವೆ. ಅಭ್ಯರ್ಥಿಯಾದರೋ ಲೆಕ್ಕ ಬಲ್ಲವನು. ಮತಗಟ್ಟೆಗೆ ಬಾರದವರಿಂದ ಅವನಿಗೆ ಆಸೆಯೂ ಇಲ್ಲ, ಅಂಜಿಕೆಯೂ ಇಲ್ಲ.

ಆದರೆ ಮಳೆನೀರಿನ ಕಾಲುವೆಯನ್ನು ಯಾರೂ ತಮ್ಮ ಮನೆಯ ಮಟ್ಟಿಗೆ ಕೊಂಡುಕೊಳ್ಳಲಾರರು. ಅದು ಹತ್ತು ಬೀದಿಗಳನ್ನು ದಾಟಿ ಮೂಸಿಯನ್ನು ಸೇರಬೇಕು. ಅದು ಉಕ್ಕಿದಾಗ ಮೊದಲು ಮುಳುಗುವುದು ಮಹಡಿಯ ಮನೆಯಲ್ಲ. ಆ ಮನೆಯ ಪಾತ್ರೆ ತೊಳೆಯುವವಳು ಕಾಲುವೆಯ ದಡದಲ್ಲಿ ಹಾಕಿಕೊಂಡ ಗುಡಿಸಲು.

ಕಳೆದ ಚುನಾವಣೆಯ ಬೆಳಿಗ್ಗೆ ನಾವು ಮತಗಟ್ಟೆಯೊಂದರ ಎದುರು ಸ್ವಲ್ಪ ಹೊತ್ತು ನಿಂತಿದ್ದೆವು. ತರಕಾರಿ ಮಾರುವವರು, ಆಟೋ ಓಡಿಸುವವರು, ಕೂಸನ್ನೆತ್ತಿಕೊಂಡ ಕೂಲಿ ಹೆಂಗಸರು ಸಾಲಿನಲ್ಲಿದ್ದರು. ಎದುರಿನ ಎತ್ತರದ ಮನೆಗಳ ಕಾರುಗಳೆಲ್ಲ ಹೊದಿಕೆ ಹೊದ್ದು ನಿಂತಲ್ಲೇ ನಿಂತಿದ್ದವು.