ಹೃದ್ರೋಗಪೀಡಿತ ಶಿಶುಗಳಲ್ಲಿ ಅಯೋಡಿನ್ ಆಧಿಕ್ಯ ಮತ್ತು ಥೈರಾಯ್ಡ್ ಗ್ರಂಥಿ

ಕಡಲ ತಡಿಯ ಮಂಗಳೂರಿನಲ್ಲಿಯೂ ಅಯೋಡಿನ್ ಎಂದೊಡನೆ ನೆನಪಾಗುವುದು ಅದರ ಕೊರತೆ, ಗಳಗಂಡ ಮತ್ತು ಅಯೋಡಿನ್‌ಯುಕ್ತ ಉಪ್ಪು. ಜನ್ಮಜಾತ ಹೃದ್ರೋಗವುಳ್ಳ ಶಿಶುಗಳ ವಿಷಯದಲ್ಲಾದರೋ ಅದರ ಆಧಿಕ್ಯವೂ ವಿಚಾರಾರ್ಹವಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಐದು ವರ್ಷದೊಳಗಿನ ಮಗುವಿಗೆ ದಿನವೊಂದಕ್ಕೆ 90 ಮೈಕ್ರೋಗ್ರಾಂ ಅಯೋಡಿನ್ ಸಾಕು. ಹೃದಯದ ಆಂಜಿಯೋಗ್ರಫಿಯಲ್ಲಿ ರಕ್ತನಾಳಕ್ಕೆ ಸೇರಿಸುವ ಚಿತ್ರಣದ್ರವದ ಒಂದೇ ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 300 ಮಿಲಿಗ್ರಾಂನಷ್ಟು ಅಯೋಡಿನ್ ಇರುತ್ತದೆ. ಅದರ ಬಹುಭಾಗ ಮೂತ್ರದ ಮೂಲಕ ಹೊರಹೋದರೂ, ದೇಹದಲ್ಲಿ ಬಿಡುಗಡೆಯಾಗುವ ಅಲ್ಪಾಂಶವೇ ಶಿಶುವಿಗೆ ಅಧಿಕವಾಗಬಹುದು. ಶಸ್ತ್ರಚಿಕಿತ್ಸೆಯ ವೇಳೆ ಚರ್ಮಕ್ಕೆ ಲೇಪಿಸುವ ಪೊವಿಡೋನ್ ಅಯೋಡಿನ್ ಕೂಡ ಇದಕ್ಕೆ ಸೇರುತ್ತದೆ.

ಅಯೋಡಿನ್ ಮಿತಿಮೀರಿದಾಗ ಥೈರಾಯ್ಡ್ ಗ್ರಂಥಿಯು ಹಾರ್ಮೋನಿನ ಉತ್ಪಾದನೆಯನ್ನು ತಡೆಹಿಡಿಯುತ್ತದೆ. ವುಲ್ಫ್ ಮತ್ತು ಚೈಕಾಫ್ 1948ರಲ್ಲಿ ಇಲಿಗಳಲ್ಲಿ ಇದನ್ನು ವಿವರಿಸಿದರು. ವಯಸ್ಕರಲ್ಲಿ ಈ ತಡೆ ಕೆಲವು ದಿನಗಳಲ್ಲಿ ತಾನಾಗಿಯೇ ಸಡಿಲಗೊಳ್ಳುತ್ತದೆ. ನವಜಾತ ಶಿಶುಗಳಲ್ಲಿ, ವಿಶೇಷವಾಗಿ ಅವಧಿಗೆ ಮುನ್ನ ಜನಿಸಿದವುಗಳಲ್ಲಿ, ಆ ಸಾಮರ್ಥ್ಯ ಇನ್ನೂ ಪಕ್ವವಾಗಿರುವುದಿಲ್ಲ. ಹಾರ್ಮೋನಿನ ಕೊರತೆ ಮುಂದುವರಿದರೆ ಮಿದುಳಿನ ಬೆಳವಣಿಗೆ ಕುಂಠಿತವಾಗಬಹುದು, ದುರ್ಬಲ ಹೃದಯ ಇನ್ನಷ್ಟು ಬಳಲಬಹುದು. ಹುಟ್ಟಿದಾಗ ನಡೆಸಿದ ಥೈರಾಯ್ಡ್ ತಪಾಸಣೆಯು ಆನಂತರ ತಲೆದೋರುವ ಈ ಕೊರತೆಯನ್ನು ಸೂಚಿಸಲಾರದು.

ಆದ್ದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರಲ್ಲಿ, ಚಿತ್ರಣದ್ರವ ಪಡೆದ ಮೂರು ವರ್ಷದವರೆಗಿನ ಮಕ್ಕಳಿಗೆ ಮೂರು ವಾರಗಳೊಳಗೆ ಥೈರಾಯ್ಡ್ ಪರೀಕ್ಷೆಯನ್ನು ಪರಿಗಣಿಸುವಂತೆ ಸೂಚಿಸಿತು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ದೂರದ ಊರುಗಳಿಗೆ ಮರಳುವ ಶಿಶುಗಳ ಬಿಡುಗಡೆ ಪತ್ರದಲ್ಲಿ ಈ ಪರೀಕ್ಷೆಯ ದಿನಾಂಕವೂ ನಮೂದಾಗುವುದು ಅವಶ್ಯ.